ಉದುರಿದ ಅಂಕಗಳ ವಹಿ

2025ರ ಮೇ 5ರ ಮಧ್ಯಾಹ್ನ ಎಚ್‌ಎಸ್‌ಸಿ, ಅಂದರೆ ಮಹಾರಾಷ್ಟ್ರ ಮಂಡಳಿಯ ಹನ್ನೆರಡನೆಯ ತರಗತಿಯ ಫಲಿತಾಂಶ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನಲ್ಲಿ ಮನೆಪಾಠಕ್ಕೆ ಬರುತ್ತಿದ್ದ ಒಂಬತ್ತೂ ಮಕ್ಕಳ ರಸಾಯನಶಾಸ್ತ್ರದ ಅಂಕ ಫೋನಿಗೆ ಬಂದು ಸೇರಿತ್ತು. ಆರು ಮಂದಿಗೆ 90ರ ಮೇಲೆ, ಇಬ್ಬರಿಗೆ 80ರ ಮೇಲೆ, ಒಬ್ಬಳಿಗೆ 78. ಆ 78ರ ಹುಡುಗಿ ಹನ್ನೊಂದನೆಯ ತರಗತಿಯಲ್ಲಿ ಇದೇ ವಿಷಯದಲ್ಲಿ 41 ತೆಗೆದು ನನ್ನ ಬಳಿ ಬಂದವಳು. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಗೆಲುವು ಅವಳದೇ. ಡಿಸೆಂಬರಿನಲ್ಲಿ ಅವಳ ತಂದೆ ನಮ್ಮ ಬಾಗಿಲಲ್ಲಿ ನಿಂತು, “ಟೀಚರೇ, ಪರೀಕ್ಷೆಗೆ ಎರಡು ತಿಂಗಳಿದೆ, ನೀವು ಪುಸ್ತಕವನ್ನೇ ಮುಚ್ಚಿಸಿದ್ದೀರಂತೆ. ದೊಡ್ಡ ಕೋಚಿಂಗ್ ಕ್ಲಾಸಿಗೆ ಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡಿ” ಎಂದಿದ್ದರು. ಜನವರಿ ಮುಗಿಯುವವರೆಗೆ ತಡೆಯಿರಿ ಎಂದು ಕೇಳಿಕೊಂಡೆ. ತಡೆದರು. ಫಲಿತಾಂಶದ ಮರುದಿನ ಮಂಗಳೂರಿನಿಂದ ಬಂದ ಹಲಸಿನಹಣ್ಣು ಹೊತ್ತು ಮೂರು ಮಹಡಿ ಹತ್ತಿ ಬಂದರು. ಬರೆಯಬೇಕು ಎಂದು ನನಗೆ ಅನಿಸಿದ್ದು ಅಂದೇ.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದವಳು. ಇಪ್ಪತ್ತು ವರ್ಷ ಔಷಧದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿ 2018ರಲ್ಲಿ ಬಿಟ್ಟೆ. ಅಂದಿನಿಂದ ಮನೆಯ ಹೊರಕೋಣೆಯಲ್ಲಿ ಪಾಠ. ಬರುವವರಲ್ಲಿ ಹೋಟೆಲಿನವರ, ಬ್ಯಾಂಕಿನವರ, ಕಾರ್ಖಾನೆಯವರ ಮಕ್ಕಳು. ಅರ್ಧಕ್ಕಿಂತ ಹೆಚ್ಚು ಕನ್ನಡ, ತುಳು ಮನೆಯವರು. ವಿವರಣೆ ಕನ್ನಡದಲ್ಲಿ, ಬರವಣಿಗೆ ಇಂಗ್ಲಿಷಿನಲ್ಲಿ. ತಿಂಗಳಿಗೆ 1,200 ರೂಪಾಯಿ ತೆಗೆದುಕೊಳ್ಳುತ್ತೇನೆ; ಆಗದವರಿಂದ ಅದನ್ನೂ ಕೇಳುವುದಿಲ್ಲ.

ಪುಸ್ತಕ ಮುಚ್ಚಿಸಿ, ಅಂಕ ಎಲ್ಲೆಲ್ಲಿ ಉದುರಿತು ಎಂದು ವಹಿಯಲ್ಲಿ ಬರೆಸುವ ಈ ದಾರಿ ಸಿಗುವ ಮೊದಲು ಮೂರು ಸಲ ಸೋತಿದ್ದೇನೆ. ಸೋತದ್ದನ್ನು ಬಿಡಿಸಿ ಹೇಳಿದರೆ ಇನ್ನೊಬ್ಬರ ದುಡ್ಡಾದರೂ ಉಳಿಯುತ್ತದೆ.

ಮೊದಲ ಸೋಲು ನೋಟ್ಸು. 2019ರಲ್ಲಿ ರಾತ್ರಿ ಕುಳಿತು ಸುಮಾರು 140 ಪುಟ ಬರೆದೆ, ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದೆ. ನಾಲ್ಕೂವರೆ ಸಾವಿರದಷ್ಟು ಕೈಬಿಟ್ಟಿತು. ಮಕ್ಕಳು ಅದನ್ನು ಬಣ್ಣದ ಪೆನ್ನಿನಿಂದ ಗೀಚಿ ಗೀಚಿ ಓದಿದರು. ಓದಿದ್ದು ಕಣ್ಣಿಗೆ ಪರಿಚಯವಾಯಿತೇ ಹೊರತು ಕೈಗೆ ಇಳಿಯಲಿಲ್ಲ. 2020ರಲ್ಲಿ ಹನ್ನೆರಡನೆಯ ತರಗತಿಯ ಪುಸ್ತಕವೇ ಬದಲಾಗಿ ಹದಿನಾರು ಅಧ್ಯಾಯಗಳ ಹೊಸದು ಬಂತು. ಉಳಿದ ಪ್ರತಿಗಳು ರದ್ದಿಯವನ ತಕ್ಕಡಿಗೆ ಹೋದವು.

ಎರಡನೆಯದು ಕಾರ್ಡುಗಳು. 2021ರಲ್ಲಿ ಪರೀಕ್ಷೆಯೇ ರದ್ದಾಯಿತಲ್ಲ, ಆ ಬಿಡುವಿನಲ್ಲಿ ಸಾವಯವ ಕ್ರಿಯೆಗಳಿಗೆಂದು ಮುನ್ನೂರು ಕಾರ್ಡು ಮಾಡಿದೆ. ಮುಂದೆ ಕ್ರಿಯೆಯ ಹೆಸರು, ಹಿಂದೆ ಸಮೀಕರಣ. ಮರುವರ್ಷದ ಮಕ್ಕಳು ಪಟಪಟನೆ ಹೇಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಒಂದು ದಿನ ಸ್ಟೀಫನ್ ಕ್ರಿಯೆಯ ಕಾರ್ಡು ಹರಿದುಹೋಗಿ ಹೊಸದು ಬರೆದಿಟ್ಟೆ. ಹಿಂದಿನ ದಿನ ತಡವರಿಸದೆ ಹೇಳಿದ ಹುಡುಗ ಅಂದು ಬಾಯಿ ಬಿಡಲಿಲ್ಲ. ಕೇಳಿದರೆ, “ಹಳೆಯದರ ಮೂಲೆಯಲ್ಲಿ ಚಹಾದ ಕಲೆ ಇತ್ತು ಟೀಚರ್” ಎಂದ. ಅವನು ಕಲಿತದ್ದು ಕಲೆಯನ್ನು.

ಮೂರನೆಯದು ಭಾನುವಾರದ ಪರೀಕ್ಷೆ. 70 ಅಂಕ, ಮೂರು ಗಂಟೆ, ಹದಿನಾಲ್ಕು ವಾರ. ಅಂಕ ಏರಲೇ ಇಲ್ಲ. ತಿದ್ದಿ ಕೊಟ್ಟ ಹಾಳೆಯಲ್ಲಿ ಮೇಲಿನ ಕೆಂಪು ಸಂಖ್ಯೆಯನ್ನು ನೋಡಿ ಮಡಚಿ ಚೀಲಕ್ಕೆ ಹಾಕುವುದೇ ಎಲ್ಲರ ಅಭ್ಯಾಸ.

2023ರ ಫಲಿತಾಂಶದಲ್ಲಿ ನನಗೆ ನಂಬಿಕೆಯಿದ್ದ ಮೂವರು ಅರುವತ್ತರ ಆಸುಪಾಸಿನಲ್ಲೇ ನಿಂತರು. ಆ ರಾತ್ರಿ ಊಟ ಸೇರಲಿಲ್ಲ. ಮಂಡಳಿಯಿಂದ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳಬಹುದು. ಒಂದು ವಿಷಯಕ್ಕೆ ನಾನೂರು ರೂಪಾಯಿಯಷ್ಟು. ಮೂವರಿಂದಲೂ ಅರ್ಜಿ ಹಾಕಿಸಿ ದುಡ್ಡು ನಾನೇ ಕೊಟ್ಟೆ. ಈ ಏಳು ವರ್ಷಗಳಲ್ಲಿ ನಾನು ಖರ್ಚು ಮಾಡಿದ್ದರಲ್ಲಿ ಸಾರ್ಥಕವಾದ ಹಣ ಅದು. ಆ ಮೂರು ನಕಲುಗಳ ಜೊತೆಗೆ ಭಾನುವಾರದ ನಲವತ್ತು ಹಾಳೆಗಳನ್ನೂ ನೆಲದ ಮೇಲೆ ಹರಡಿಕೊಂಡು, ಹಳೆಯ ಲೆಕ್ಕದ ವಹಿಯೊಂದರಲ್ಲಿ ಉದುರಿದ ಒಂದೊಂದು ಅಂಕವನ್ನೂ ಬರೆಯುತ್ತ ಹೋದೆ. ಕಾರ್ಖಾನೆಯಲ್ಲಿ ಒಂದು ಬ್ಯಾಚಿನ ಪರೀಕ್ಷೆ ತಪ್ಪಿದರೆ ಹೀಗೆಯೇ ಮಾಡುತ್ತಿದ್ದೆವು. ತೂಕದಲ್ಲಿ ಹೋಯಿತೇ, ದ್ರಾವಣ ಮಾಡುವಾಗ ಹೋಯಿತೇ, ಓದುವಾಗ ಹೋಯಿತೇ ಎಂದು ಹುಡುಕುವುದು.

ನಾಲ್ಕು ದಿನ ಹಿಡಿಯಿತು. ನೂರು ಅಂಕ ಹೋಗಿದ್ದರೆ ಅದರಲ್ಲಿ ಮೂವತ್ತೈದರಷ್ಟು ಲಾಗ್ ಕೋಷ್ಟಕದಲ್ಲಿ (ದೊಡ್ಡ ಗುಣಾಕಾರ, ಭಾಗಾಕಾರಗಳನ್ನು ಸುಲಭ ಮಾಡುವ ಪಟ್ಟಿ), ಗುಣಾಕಾರದಲ್ಲಿ, ಏಕಮಾನ ಬರೆಯದ್ದರಲ್ಲಿ ಹೋಗಿತ್ತು. ಮೂವತ್ತರಷ್ಟು ಕ್ರಿಯೆಯ ಬಾಣದ ಮೇಲೆ ಬರೆಯಬೇಕಾದ ತಾಪ, ದ್ರಾವಕ, ವೇಗವರ್ಧಕಗಳನ್ನು ಬಿಟ್ಟಿದ್ದರಿಂದ. ಹದಿನೈದು ಪ್ರಶ್ನೆಯನ್ನು ಅರ್ಧ ಓದಿ ಉತ್ತರಿಸಿದ್ದರಿಂದ. ನಿಜವಾಗಿ ವಿಷಯ ತಿಳಿಯದೆ ಹೋದದ್ದು ಇಪ್ಪತ್ತೇ. ಅಂದರೆ ನಾವೆಲ್ಲ ಆ ಇಪ್ಪತ್ತಕ್ಕಾಗಿ ಪುಸ್ತಕವನ್ನು ಮೂರು ಮೂರು ಸಲ ತಿರುವಿಹಾಕಿಸುತ್ತಿದ್ದೆವು, ಎಂಬತ್ತನ್ನು ಯಾರೂ ಮುಟ್ಟುತ್ತಿರಲಿಲ್ಲ. ದೊಡ್ಡ ಕ್ಲಾಸಿನಲ್ಲಿ ಪಾಠ ಹೇಳುವ ಗೆಳತಿಗೆ ಇದನ್ನು ಹೇಳಿದರೆ, “ಲಾಗ್ ಎಲ್ಲ ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ, ನೀನು ಪ್ರಶ್ನೆಪತ್ರಿಕೆ ಬಿಡಿಸು” ಎಂದಳು. ನಾನು ಕೇಳಲಿಲ್ಲ.

ಲಾಗ್‌ನಿಂದಲೇ ಹಿಡಿದೆ. ಮಂಡಳಿಯ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಮಕ್ಕಳ ಕೈಯಲ್ಲಿ ವರ್ಷವಿಡೀ ಮೊಬೈಲ್ ಇರುತ್ತದೆ. ಸೋರುವುದು ಎಲ್ಲಿ ಎಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 0.01 ಮೋಲಾರ್ ಅಸಿಟಿಕ್ ಆಮ್ಲ, ವಿಯೋಜನ ಸ್ಥಿರಾಂಕ 1.8 × 10⁻⁵, ಪಿಎಚ್ (ಆಮ್ಲತೆಯ ಅಳತೆ; ಹೈಡ್ರೋಜನ್ ಅಯಾನಿನ ಸಾರತೆಯ ಲಾಗ್‌ನ ಚಿಹ್ನೆ ತಿರುಗಿಸಿದ್ದು) ಎಷ್ಟು? ಹೈಡ್ರೋಜನ್ ಅಯಾನಿನ ಸಾರತೆ 0.0004243 ಎನ್ನುವವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ಕೋಷ್ಟಕ ನೋಡಿ ‘ಬಾರ್ 4, ದಶಾಂಶ 6277’ ಎಂದೂ ಸರಿಯಾಗಿಯೇ ಬರೆಯುತ್ತಾರೆ. ಅಲ್ಲಿಂದ ಮೈನಸ್ ತೆಗೆದು ಪಿಎಚ್ 4.63 ಎಂದುಬಿಡುತ್ತಾರೆ. ಬಾರ್ ಎಂಬ ಮೈನಸಿನ ಗೆರೆ ಇರುವುದು 4ರ ತಲೆಯ ಮೇಲೆ ಮಾತ್ರ, ದಶಾಂಶದ ಭಾಗ ಧನ. ಎಷ್ಟು ಸಲ ಹೇಳಿದರೂ ಇದು ನಿಲ್ಲುತ್ತಿರಲಿಲ್ಲ. ಕೊನೆಗೆ, ಹೋಟೆಲಿನವರ ಮಗನೊಬ್ಬನಿಗೆ, “ನಾಲ್ಕು ರೂಪಾಯಿ ಸಾಲ ಇದೆ, ಕಿಸೆಯಲ್ಲಿ 63 ಪೈಸೆ ಇದೆ. ನಿನ್ನ ಸಾಲ ನಿಜವಾಗಿ ಎಷ್ಟು?” ಎಂದೆ. “ಮೂರು ರೂಪಾಯಿ ಮೂವತ್ತೇಳು ಪೈಸೆ” ಎಂದ. ಪಿಎಚ್ 3.37. ಅಂದಿನಿಂದ ನಮ್ಮಲ್ಲಿ ಬಾರ್ ಎಂದರೆ ಸಾಲ, ದಶಾಂಶ ಎಂದರೆ ಕಿಸೆ. ದಿನವೂ ಬಂದು ಕುಳಿತ ಕೂಡಲೇ ಆರು ಲೆಕ್ಕ, ಗಡಿಯಾರ ಮುಂದಿಟ್ಟುಕೊಂಡು. ಆಮೇಲೆಯೇ ಉಳಿದ ಮಾತು. ಮೊದಮೊದಲು ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು, ದೀಪಾವಳಿಯ ಹೊತ್ತಿಗೆ ಒಂಬತ್ತಕ್ಕೆ ಇಳಿಯಿತು. ಕೋಷ್ಟಕದ ಪುಸ್ತಕ ಇಪ್ಪತ್ತೋ ಮೂವತ್ತೋ ರೂಪಾಯಿ. ಪುಟಗಳು ಬೆರಳಿಗೆ ಒಗ್ಗಿದ ಮೇಲೆ ಪುಸ್ತಕ ಬದಲಿಸಲು ಬಿಡುವುದಿಲ್ಲ, ಪರೀಕ್ಷೆಗೂ ಅದೇ ಹೋಗಬೇಕು.

ಎರಡನೆಯ ಸೋರಿಕೆ ಬಾಣದ ಮೇಲಿನದು. ಇದರಲ್ಲಿ ನನಗೆ ಕಾರ್ಖಾನೆಯ ಅನುಭವ ಕೈಹಿಡಿಯಿತು. ಅಲ್ಲಿ ತಾಪ ಬರೆಯದ ಹಾಳೆಗೆ ಯಾರೂ ಸಹಿ ಹಾಕುವುದಿಲ್ಲ. ಎಥನಾಲ್, ಗಾಢ ಸಲ್ಫ್ಯೂರಿಕ್ ಆಮ್ಲ. 413 ಕೆಲ್ವಿನ್‌ನಲ್ಲಿ ಈಥರ್ ಬರುತ್ತದೆ, 443ರಲ್ಲಿ ಎಥೀನ್. ಮೂವತ್ತು ಡಿಗ್ರಿಯ ಅಂತರದಲ್ಲಿ ಉತ್ತರವೇ ಬೇರೆ. ಫೀನಾಲಿಗೆ ಬ್ರೋಮಿನ್ ನೀರು ಹಾಕಿದರೆ ಮೂರು ಬ್ರೋಮಿನ್ ಸೇರಿ ಬಿಳಿಯ ಒತ್ತರ ಕೂರುತ್ತದೆ. ಅದೇ ಬ್ರೋಮಿನ್ ಕಾರ್ಬನ್ ಡೈಸಲ್ಫೈಡಿನಲ್ಲಿ, ತಂಪಿನಲ್ಲಿ, ಒಂದನ್ನೇ ಸೇರಿಸುತ್ತದೆ. ರೋಸನ್‌ಮುಂಡ್ ಕ್ರಿಯೆಯಲ್ಲಿ ಪಲೇಡಿಯಂ ಬರೆದು ಅದರ ಬಿರುಸು ತಗ್ಗಿಸುವ ಬೇರಿಯಂ ಸಲ್ಫೇಟ್ ಬಿಟ್ಟರೆ ಆಲ್ಡಿಹೈಡಿನಲ್ಲಿ ನಿಲ್ಲಬೇಕಾದ್ದು ಆಲ್ಕೊಹಾಲಿನವರೆಗೆ ಓಡಿಹೋಗುತ್ತದೆ. ಹಾಗಾಗಿ ಕಾರ್ಡಿನ ಆಟವನ್ನು ತಿರುಗಿಸಿದೆ. ಕ್ರಿಯೆಯ ಹೆಸರು ಕೊಡುವುದಿಲ್ಲ. ಎಡಕ್ಕೆ ಆರಂಭದ ವಸ್ತು, ಬಲಕ್ಕೆ ಫಲ, ನಡುವೆ ಬರಿಯ ಬಾಣ. ಮೇಲೂ ಕೆಳಗೂ ತುಂಬಬೇಕು. ಹೋಟೆಲಿನ ಆರ್ಡರ್ ಪ್ಯಾಡುಗಳನ್ನು ಭಾವ ಪುಕ್ಕಟೆ ಕೊಟ್ಟರು. ಒಂದು ಚೀಟಿಗೆ ಒಂದು ಬಾಣ, ಬರೆದ ಚೀಟಿ ಹರಿದು ಬುಟ್ಟಿಗೆ. ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಚಹಾದ ಕಲೆಯ ತೊಂದರೆಯೂ ಇಲ್ಲ.

ಪ್ರತಿ ಮಗುವಿಗೂ ತನ್ನದೇ ವಹಿ. ಅದರಲ್ಲಿ ಸರಿಯಾದ ಉತ್ತರಕ್ಕೆ ಜಾಗವಿಲ್ಲ. ಯಾವ ಪ್ರಶ್ನೆ, ಎಷ್ಟು ಅಂಕ, ಎಲ್ಲಿ ಉದುರಿತು, ಇಷ್ಟೇ. ಒಂದೇ ಕಡೆ ಮೂರು ಸಲ ಉದುರಿದರೆ ಆ ಪುಟದ ಕಿವಿ ಮಡಚುತ್ತೇವೆ. ಡಿಸೆಂಬರ್ ಮೊದಲ ವಾರದಿಂದ ಪುಸ್ತಕ ಮುಚ್ಚಿ ಮಡಚಿದ ಪುಟಗಳನ್ನು ಮಾತ್ರ ತೆಗೆಯುವುದು. ಮಡಚಿದ ಪುಟಗಳನ್ನು ಯಾವ ಸರದಿಯಲ್ಲಿ, ಎಷ್ಟು ದಿನ ಬಿಟ್ಟು ಮತ್ತೆ ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊರಕೋಣೆಗೂ ನಾಲ್ಕು ಮಕ್ಕಳು ಬರಬೇಕಲ್ಲ. ಕೊನೆಯ ಮೂರು ದಿನ ಕೈಗೆ ಕೊಡುವ ಒಂದು ಹಾಳೆಯಿದೆ, ಅದೂ ಮನೆಯೊಳಗಿನ ಮಾತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಲೋಕಲ್ ರೈಲಿನ ನಕ್ಷೆಯಂತೆ ಕ್ರಿಯೆಗಳ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿದ್ದೆ. ಬೆಂಜೀನ್ ಡಯಾಜೋನಿಯಂ ಕ್ಲೋರೈಡನ್ನು ಮುಂಬೈಯ ದೊಡ್ಡ ಜಂಕ್ಷನ್ ದಾದರ್ ಮಾಡಿದೆ, ಅಲ್ಲಿಂದ ಕ್ಲೋರೋಬೆಂಜೀನ್, ಅಯೋಡೋಬೆಂಜೀನ್, ಫೀನಾಲ್, ಬೆಂಜೋನೈಟ್ರೈಲ್ ಎಲ್ಲ ಕಡೆಗೂ ಗಾಡಿ ಸಿಗುತ್ತದೆ. ಅಮೀನುಗಳ ಅಧ್ಯಾಯಕ್ಕೆ ಇದು ಚಿನ್ನದಂಥ ಉಪಾಯ. ಡಯಾಜೋನಿಯಂ 273ರಿಂದ 278 ಕೆಲ್ವಿನ್ ಒಳಗೆ ಮಾತ್ರ ಬಾಳುತ್ತದೆ ಎನ್ನುವುದನ್ನು ದಾದರಿನಲ್ಲಿ ಗಾಡಿ ನಿಲ್ಲುವ ಅರೆನಿಮಿಷಕ್ಕೆ ಹೋಲಿಸಿ ಹೇಳಿದ್ದು ಇಂದಿಗೂ ಯಾರೂ ಮರೆತಿಲ್ಲ. ಆಲ್ಡಿಹೈಡ್, ಕೀಟೋನುಗಳ ಅಧ್ಯಾಯದಲ್ಲಿ ಮಾತ್ರ ಗೆರೆಗಳು ಸಿಕ್ಕುಸಿಕ್ಕಾಗಿ, ನಕ್ಷೆ ನೋಡಿದರೆ ತಲೆ ತಿರುಗುವಂತಾಯಿತು. ತೆಗೆದುಹಾಕಿದೆ.

ಇನ್ನೊಂದು ಬ್ಯುರೆಟ್, ದ್ರಾವಣವನ್ನು ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳನ್ನು ಎಲ್ಲರೂ ಬಂದೇ ಬರುತ್ತದೆ ಎಂದು ಬಿಟ್ಟಿರುತ್ತಾರೆ, ಮಕ್ಕಳ ಕೈ ಮಾತ್ರ ನಡುಗುತ್ತಿರುತ್ತದೆ. ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿಗೆ ಹೋಗಿ 50 ಮಿಲಿಲೀಟರಿನದೊಂದು ತಂದೆ, ನಾನೂರೈವತ್ತು ರೂಪಾಯಿ ಇರಬೇಕು. ಎರಡೇ ವಾರದಲ್ಲಿ ಕಿಟಕಿಯ ಕಟ್ಟೆಯಿಂದ ಬಿದ್ದು ಚೂರಾಯಿತು. ಮತ್ತೊಂದು ತಂದು, ಔಷಧಿ ಅಂಗಡಿಯ ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ನಾಲ್ಕು ಹರಳು ನೀರಿಗೆ ಹಾಕಿ, ಹನಿ ಹನಿಯಾಗಿ ಬಿಡುವ ಅಭ್ಯಾಸ ಮಾತ್ರ ಮಾಡಿಸಿದೆ. ಬಣ್ಣ ಗಾಢವಾದ್ದರಿಂದ ಮೇಲಿನ ಅಂಚನ್ನು ಓದಬೇಕು, ಆಕ್ಸಾಲಿಕ್ ಆಮ್ಲವಾದರೆ ಮೊದಲು 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು, ಕೊನೆಯ ಹನಿಯ ತಿಳಿಗುಲಾಬಿ ನಿಲ್ಲಬೇಕು. ಇಪ್ಪತ್ತು ವರ್ಷ ಆ ಗುಲಾಬಿಯನ್ನು ನೋಡಿದ ಕಣ್ಣು ನನ್ನದು. ಅರ್ಧ ಹನಿ ಹೆಚ್ಚಾದರೂ ದೂರದಿಂದಲೇ ಹೇಳಬಲ್ಲೆ. ಮಕ್ಕಳಿಗೂ ಆ ಕಣ್ಣು ಬಂತು.

ಪಾಲಿಮರ್, ಹಸಿರು ರಸಾಯನಶಾಸ್ತ್ರದ ಕೊನೆಯ ಅಧ್ಯಾಯಗಳಿಗೆ ವಹಿ ಬೇಕಿಲ್ಲ. ಕಾಲೇಜಿಗೆ ಹೋಗುವ ಗಾಡಿಯಲ್ಲಿ ನಾಲ್ಕು ಸಲ ಓದಿಕೊಂಡರೆ ಸಾಕು.

2024ರ ತಂಡಕ್ಕೆ ಇದನ್ನು ಅರೆಬರೆಯಾಗಿ ಮಾಡಿಸಿದ್ದೆ. ಪೂರ್ತಿ ಧೈರ್ಯ ಬಂದಿರಲಿಲ್ಲ, ನೋಟ್ಸನ್ನೂ ಜೊತೆಗಿಟ್ಟಿದ್ದೆ. ಹತ್ತು ಅಂಕದಷ್ಟು ಏರಿತು. ಮರುವರ್ಷ ನೋಟ್ಸು ಬಿಟ್ಟೆ. ಆದರೆ 2025ರಲ್ಲಿ ಪರೀಕ್ಷೆ ಫೆಬ್ರವರಿ 11ಕ್ಕೇ ಶುರುವಾಯಿತು, ಹಿಂದಿನ ವರ್ಷಕ್ಕಿಂತ ಹತ್ತು ದಿನ ಮೊದಲು. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಸಂಕ್ರಾಂತಿಯ ದಿನವೂ ಮಕ್ಕಳು ಬಂದರು, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೇ ಬಾಣ ತುಂಬಿದರು. ಪತ್ರಿಕೆಯ ಕೊನೆಗೆ ಸಿಗುವ ಹತ್ತು ನಿಮಿಷದಲ್ಲಿ ಹೊಸದೇನನ್ನೂ ಬರೆಯಬಾರದು, ಏಕಮಾನ ಮತ್ತು ಬಾಣಗಳ ಮೇಲೆ ಮಾತ್ರ ಕಣ್ಣಾಡಿಸಬೇಕು ಎಂದು ಆಣೆ ಹಾಕಿಸಿದ್ದೆ. ಆ 78ರ ಹುಡುಗಿ ಆ ಹತ್ತು ನಿಮಿಷದಲ್ಲಿ ವೇಗ ಸ್ಥಿರಾಂಕದ ಎರಡು ಏಕಮಾನ, ಒಂದು 443 ಕೆಲ್ವಿನ್ ಸೇರಿಸಿದಳಂತೆ. ಹೊರಗೆ ಬಂದು ಮೊದಲು ನನಗೆ ಹೇಳಿದ್ದು ಅದನ್ನೇ.

ಕೋಆರ್ಡಿನೇಷನ್ ಸಂಯುಕ್ತಗಳ (ನಡುವಿನ ಲೋಹಕ್ಕೆ ಬೇರೆ ಅಣು, ಅಯಾನುಗಳು ಅಂಟಿಕೊಂಡವು) ಹೆಸರಿಸುವಿಕೆಗೆ ನನಗಿನ್ನೂ ಮದ್ದು ಸಿಕ್ಕಿಲ್ಲ. ಆನಯಾನಿನ, ಅಂದರೆ ಋಣ ಆವೇಶದ ಸಂಕೀರ್ಣವಾದರೆ ಕಬ್ಬಿಣ ‘ಫೆರೇಟ್’ ಆಗಬೇಕು, ಮಕ್ಕಳು ‘ಐರನ್’ ಎಂದೇ ಬರೆದು ಅಂಕ ಬಿಡುತ್ತಾರೆ. ಈ ಮಳೆಗಾಲದ ಹೊಸ ತಂಡದ ಏಳು ವಹಿಗಳಲ್ಲಿ ಐದರಲ್ಲಿ ಆ ಪುಟದ ಕಿವಿ ಆಗಲೇ ಮಡಚಿದೆ. ಹೆಸರನ್ನು ಬಲದಿಂದ ಎಡಕ್ಕೆ ಬರೆಸಿ ನೋಡುತ್ತಿದ್ದೇನೆ, ಮೊದಲು ಲೋಹದ ಆವೇಶ, ಆಮೇಲೆ ಉಳಿದದ್ದು. ಮೂರು ವಾರವಾಯಿತು. ಇಬ್ಬರ ಪುಟ ಬಿಚ್ಚಿಕೊಂಡಿದೆ.