ದೊಡ್ಡ ಟಾಪ್ ಲೋಡ್ ವಾಷಿಂಗ್ ಮಷೀನ್: ಆರಿಸುವುದು, ಕೂರಿಸುವುದು, ಓಡಿಸುವುದು ಹೇಗೆ?

ಡಬಲ್ ಬೆಡ್ಡಿನ ದಪ್ಪ ರಗ್ಗನ್ನು 6.5 ಕಿಲೋ ಮಷೀನಿಗೆ ತುರುಕಿ ನೋಡಿದವರಿಗೆ ಆ ಕಷ್ಟ ಗೊತ್ತು. ಮಷೀನ್ ತಿರುಗುತ್ತದೆ, ರಗ್ಗು ತಿರುಗುವುದಿಲ್ಲ. ಹೊರಗೆ ತೆಗೆದರೆ ಒಳಮಡಿಕೆಯಲ್ಲಿ ಸೋಪಿನ ಪುಡಿ ಹಾಗೇ ಕೂತಿರುತ್ತದೆ. ಈಗ 10, 12, 14 ಕಿಲೋ ಟಾಪ್ ಲೋಡ್ ಮಷೀನ್‌ಗಳು ಸಾಲುಸಾಲಾಗಿ ಬರುತ್ತಿವೆ. ಅಗಲವಾದ ಡ್ರಮ್, ಗಾಜಿನ ಮುಚ್ಚಳ, ಸದ್ದು ಕಡಿಮೆ ಮಾಡುವ ಮೋಟಾರ್. ಇವುಗಳನ್ನು ಕಂಡರೆ ನನಗಂತೂ ಬಹಳ ಖುಷಿ.

ಆದರೆ ದೊಡ್ಡ ಮಷೀನ್ ತಂದವರಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ, ಅದನ್ನು ಬಾಯಿ ತನಕ ತುಂಬುವುದು. ಹಾಗೆ ತುಂಬಿದರೆ ದೊಡ್ಡದು ತಂದು ಏನು ಬಂತು? ಬಟ್ಟೆ ಶುಚಿಯಾಗುವುದು ಹೊರಳಾಡಿದಾಗ. ಹೊರಳಾಡಲು ಜಾಗ ಬೇಕು. ನೀವು ಜಾಸ್ತಿ ದುಡ್ಡು ಕೊಡುತ್ತಿರುವುದೇ ಆ ಖಾಲಿ ಜಾಗಕ್ಕೆ. ಕೆಳಗಿನ ಹಂತಗಳನ್ನು ಓದುವಾಗ ಇದೊಂದು ತಲೆಯಲ್ಲಿರಲಿ.

ಹಂತ 1: ಮೊದಲು ಬಟ್ಟೆ ತೂಗಿ

ಮಷೀನ್ ಮೇಲೆ ಬರೆದಿರುವ ಕಿಲೋ ಒಣ ಬಟ್ಟೆಯ ತೂಕ. ಅದೂ ಸಾಮಾನ್ಯವಾಗಿ ಹತ್ತಿ ಬಟ್ಟೆಯ ಪ್ರೋಗ್ರಾಂಗೆ ಮಾತ್ರ. ನಾಜೂಕು ಬಟ್ಟೆ, ಉಣ್ಣೆ, ಸಿಂಥೆಟಿಕ್‌ಗೆ ಮಿತಿ ತುಂಬಾ ಕಡಿಮೆ. ಪ್ರತಿ ಪ್ರೋಗ್ರಾಂಗೆ ಎಷ್ಟೆಂದು ಜೊತೆಗೆ ಬರುವ ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಆ ಪುಟವನ್ನು ಕೊಳ್ಳುವ ಮೊದಲೇ ನೋಡಿ.

ಒಂದು ವಾರದ ಬಟ್ಟೆಯನ್ನು ಚೀಲಕ್ಕೆ ಹಾಕಿ, ಅದನ್ನು ಹಿಡಿದುಕೊಂಡು ತೂಕದ ಮಷೀನ್ ಮೇಲೆ ನಿಲ್ಲಿ. ನಿಮ್ಮ ತೂಕ ಕಳೆಯಿರಿ. ಇಷ್ಟೇ ಕೆಲಸ. ಅಂದಾಜು ಬೇಕಿದ್ದರೆ ಹೀಗೆ ಹಿಡಿಯಿರಿ: ಟೀ ಶರ್ಟ್ 150ರಿಂದ 200 ಗ್ರಾಂ, ಸ್ನಾನದ ದಪ್ಪ ಟವೆಲ್ ಅರ್ಧ ಕಿಲೋ, ಜೀನ್ಸ್ 600ರಿಂದ 700 ಗ್ರಾಂ, ಡಬಲ್ ಬೆಡ್ಡಿನ ಹತ್ತಿ ಬೆಡ್‌ಶೀಟ್ ಒಂದು ಕಿಲೋದ ಆಸುಪಾಸು.

ದಿನಬಳಕೆಯ ಬಟ್ಟೆ ಮಾತ್ರ ಒಗೆಯುವ ಇಬ್ಬರ ಮನೆಗೆ 12 ಕಿಲೋ ಬೇಕಾಗಿಲ್ಲ. ದೊಡ್ಡದು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಒಟ್ಟು ತೂಕವಲ್ಲ, ಮನೆಯಲ್ಲಿರುವ ಅತಿ ದೊಡ್ಡ ಬಟ್ಟೆ. ರಗ್ಗು 3 ಕಿಲೋ ಮಾತ್ರ ತೂಗಬಹುದು, ಆದರೆ ಡ್ರಮ್ಮಿನ ಅರ್ಧ ಜಾಗ ನುಂಗುತ್ತದೆ. ಹಾಗಾಗಿ ಕಿಲೋ ಜೊತೆಗೆ ಡ್ರಮ್ ಎಷ್ಟು ಲೀಟರ್ ಎಂದೂ ಕೇಳಿ. ಒಂದೇ ಕಿಲೋ ಬರೆದಿರುವ ಎರಡು ಮಷೀನ್‌ಗಳ ಡ್ರಮ್ ಒಂದೇ ಅಳತೆ ಇರಬೇಕೆಂದಿಲ್ಲ. ಕೆಲವು ಕಡೆ ಕ್ಯೂಬಿಕ್ ಅಡಿಯಲ್ಲಿ ಬರೆದಿರುತ್ತಾರೆ. ಒಂದು ಕ್ಯೂಬಿಕ್ ಅಡಿ ಎಂದರೆ ಸುಮಾರು 28 ಲೀಟರ್. ಅಂದರೆ 5 ಕ್ಯೂಬಿಕ್ ಅಡಿಯ ಡ್ರಮ್ 140 ಲೀಟರ್. ಸಾಕಷ್ಟು ದೊಡ್ಡದು!

ಹಂತ 2: ಕಂಬವೋ, ತಟ್ಟೆಯೋ?

ಮನೆಬಳಕೆಯ ಆಟೋಮ್ಯಾಟಿಕ್ ಮಷೀನ್ ಮಾರುಕಟ್ಟೆಗೆ ಬಂದದ್ದು 1937ರಲ್ಲಿ, ಬೆಂಡಿಕ್ಸ್ ಕಂಪನಿಯಿಂದ. ಅದು ಫ್ರಂಟ್ ಲೋಡ್. ಕುಣಿಯದಂತೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಮೇಲಿನಿಂದ ಬಟ್ಟೆ ಹಾಕುವ ಆಟೋಮ್ಯಾಟಿಕ್ ಮಷೀನ್‌ಗಳು 1940ರ ದಶಕದಲ್ಲಿ ಬಂದವು. ಅವುಗಳ ನಡುವೆ ರೆಕ್ಕೆಗಳಿದ್ದ ಒಂದು ಕಂಬ. ಇದೇ ಅಜಿಟೇಟರ್. ಕಂಬ ಚೆನ್ನಾಗಿ ತಿಕ್ಕುತ್ತದೆ, ಸಂಶಯವಿಲ್ಲ. ಆದರೆ ಜಾಗ ತಿನ್ನುತ್ತದೆ. ಉದ್ದ ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತದೆ.

ಈಗಿನ ದೊಡ್ಡ ಮಷೀನ್‌ಗಳಲ್ಲಿ ಹೆಚ್ಚಿನವಕ್ಕೆ ಕಂಬ ಇಲ್ಲ. ತಳದಲ್ಲಿ ತಿರುಗುವ ತಟ್ಟೆ ಇರುತ್ತದೆ, ಅದೇ ಪಲ್ಸೇಟರ್. ಇದರಲ್ಲಿ ಬಟ್ಟೆಗೆ ಬಟ್ಟೆಯೇ ಉಜ್ಜಿ ಕೊಳೆ ಬಿಡುತ್ತದೆ. ಅಷ್ಟೇ ಅಗಲದ ಮಷೀನಿನಲ್ಲಿ ಜಾಗ ಜಾಸ್ತಿ ಸಿಗುತ್ತದೆ. ರಗ್ಗು, ಪರದೆ ಒಗೆಯಲು ದೊಡ್ಡದು ಕೊಳ್ಳುತ್ತಿದ್ದರೆ ತಟ್ಟೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕೆಸರು ಮೆತ್ತಿದ ಕೆಲಸದ ಬಟ್ಟೆಯೇ ಹೆಚ್ಚಿದ್ದರೆ ಕಂಬದ ಕಡೆ ನೋಡಬಹುದು.

ಮೋಟಾರ್ ಇನ್ವರ್ಟರ್ ಆಗಿರಲಿ. ಅದು ಬಟ್ಟೆಗೆ ತಕ್ಕಂತೆ ವೇಗ ಬದಲಿಸುತ್ತದೆ, ಸದ್ದೂ ಕಡಿಮೆ. ಡೈರೆಕ್ಟ್ ಡ್ರೈವ್ ಎಂದರೆ ಮೋಟಾರಿಗೂ ಡ್ರಮ್ಮಿಗೂ ನಡುವೆ ಬೆಲ್ಟ್ ಇಲ್ಲ ಎಂದರ್ಥ.

ಒಂದು ಮಾತು ಮುಚ್ಚಿಡಬಾರದು. ಟಾಪ್ ಲೋಡ್‌ಗೆ ನೀರು ಜಾಸ್ತಿ ಬೇಕು. ದೊಡ್ಡ ಮಷೀನ್ ತುಂಬಾ ಬಟ್ಟೆ ಹಾಕಿದರೆ ಒಗೆದು ಜಾಲಿಸುವಷ್ಟರಲ್ಲಿ 100 ಲೀಟರ್ ದಾಟುವುದುಂಟು. ನೀರಿಗೆ ತತ್ವಾರ ಇರುವ ಮನೆಯಾದರೆ ಫ್ರಂಟ್ ಲೋಡ್ ಯೋಚಿಸಿ.

ಹಂತ 3: ಟೇಪು ಹಿಡಿಯಿರಿ, ಕೈ ಇಳಿಸಿ

ಬಾಗಿಲಿನ ಅಗಲ, ಮಷೀನ್ ಕೂರುವ ಜಾಗ, ಮುಚ್ಚಳ ಪೂರ್ತಿ ತೆರೆದಾಗಿನ ಎತ್ತರ. ಮೂರನ್ನೂ ಅಳೆಯಿರಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಮುಚ್ಚಳ ನಲ್ಲಿಗೋ ಶೆಲ್ಫಿಗೋ ಬಡಿಯುತ್ತದೆ.

ಅಂಗಡಿಯಲ್ಲಿ ಮಾಡಲೇಬೇಕಾದ ಕೆಲಸ ಇನ್ನೊಂದಿದೆ. ಡ್ರಮ್ಮಿನೊಳಗೆ ಕೈ ಇಳಿಸಿ ತಳ ಮುಟ್ಟಿ ನೋಡಿ. ಡ್ರಮ್ ದೊಡ್ಡದಾಗುವಾಗ ಅಗಲ ಮಾತ್ರವಲ್ಲ, ಆಳವೂ ಹೆಚ್ಚುತ್ತದೆ. ತಳದಲ್ಲಿ ಬಿದ್ದ ಕಾಲುಚೀಲ ತೆಗೆಯಲು ಸ್ಟೂಲ್ ಹತ್ತಬೇಕು ಎಂದಾದರೆ ಆ ಮಾಡೆಲ್ ಬೇಡ. ಮನೆಯಲ್ಲಿ ಬಟ್ಟೆ ತೆಗೆಯುವವರು ಯಾರೋ ಅವರೇ ಬಂದು ನೋಡಬೇಕು, ಅಲ್ವಾ?

ಹಂತ 4: ಗಟ್ಟಿ ನೆಲದ ಮೇಲೆ ಕೂರಿಸಿ

ಒಂದು ಲೆಕ್ಕ ಹಾಕೋಣ. ಮಷೀನಿನ ತೂಕ ಸುಮಾರು 45 ಕಿಲೋ, ಬಟ್ಟೆ 10 ಕಿಲೋ, ಒಳಗೆ ನಿಂತ ನೀರು 60 ಲೀಟರ್ ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಕಿಲೋ. ಒಟ್ಟು 115 ಕಿಲೋ. ಇಷ್ಟು ಭಾರದ ಮಷೀನ್ ಓಡುವಾಗ ನೆಲ ಅಲುಗಬಾರದು. ಚಕ್ರದ ಸ್ಟ್ಯಾಂಡ್ ಮೇಲೆ ಇಡುವುದು ಬೇಡವೇ ಬೇಡ.

ಸಾಗಾಟಕ್ಕಾಗಿ ಡ್ರಮ್ಮಿನ ಸುತ್ತ, ತಳದಲ್ಲಿ ತುರುಕಿರುವ ಫೋಮ್ ತುಂಡುಗಳನ್ನೆಲ್ಲ ತೆಗೆಯಿರಿ. ಆಮೇಲೆ ಮೇಲ್ಭಾಗದ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಒತ್ತಿ ನೋಡಿ. ಅಲುಗಿದರೆ ಆ ಮೂಲೆಯ ಕಾಲನ್ನು ತಿರುಗಿಸಿ ಸರಿಮಾಡಿ, ನಟ್ ಬಿಗಿ ಮಾಡಿ. ಮಟ್ಟಗೋಲು ಇದ್ದರೆ ಇನ್ನೂ ಒಳ್ಳೆಯದು.

ನೀರಿನ ಒತ್ತಡದ ವಿಷಯ. ಬಹಳಷ್ಟು ಮಷೀನ್‌ಗಳಿಗೆ ಕನಿಷ್ಠ 0.05 ಮೆಗಾಪಾಸ್ಕಲ್ ಬೇಕು. ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಸುಮಾರು 5 ಮೀಟರ್ ಎತ್ತರ ಇದ್ದರೆ ಇಷ್ಟು ಒತ್ತಡ ಸಿಗುತ್ತದೆ. ಟ್ಯಾಂಕಿಗೆ ತೀರಾ ಹತ್ತಿರದ ಮೇಲಂತಸ್ತಿನಲ್ಲಿ ಸಿಗುವುದಿಲ್ಲ. ದೊಡ್ಡ ಡ್ರಮ್ ನಿಧಾನಕ್ಕೆ ತುಂಬಿದರೆ ಮಷೀನ್ ಕಾದು ಕಾದು ಎರರ್ ತೋರಿಸಿ ನಿಲ್ಲುತ್ತದೆ. ಅಂಥ ಮನೆಗೆ ಕಡಿಮೆ ಒತ್ತಡದಲ್ಲೂ ನಡೆಯುವ ಮಾಡೆಲ್ ಕೇಳಿ ತನ್ನಿ.

ಡ್ರೈನ್ ಪೈಪಿಗೆ ಎರಡು ಬಗೆ. ಪಂಪ್ ಇದ್ದರೆ ಪೈಪನ್ನು ಮೇಲಕ್ಕೆತ್ತಿ ಸಿಕ್ಕಿಸಬಹುದು. ಪಂಪ್ ಇಲ್ಲದಿದ್ದರೆ ಪೈಪು ನೆಲದಲ್ಲೇ ಮಲಗಿರಬೇಕು, ಇಲ್ಲವಾದರೆ ನೀರು ಹೋಗುವುದಿಲ್ಲ. ನಿಮ್ಮದು ಯಾವುದೆಂದು ಕೇಳಿಕೊಳ್ಳಿ.

ಹಂತ 5: ಬಟ್ಟೆ ತುಂಬುವುದು

ಎಲ್ಲಕ್ಕಿಂತ ಮುಖ್ಯ ಹಂತ ಇದು.

ಬಟ್ಟೆ ಒಣಗಿರುವಾಗಲೇ ಹಾಕಿ. ಹೊಸ ಮಷೀನ್‌ಗಳು ನೀರು ಬಿಡುವ ಮೊದಲು ತಟ್ಟೆಯನ್ನು ಕೆಲವು ಸೆಕೆಂಡ್ ತಿರುಗಿಸುತ್ತವೆ. ತಿರುಗಿಸಲು ಎಷ್ಟು ಕಷ್ಟವಾಯಿತು ಎಂಬುದರ ಮೇಲೆ ಬಟ್ಟೆಯ ಭಾರ ಅಂದಾಜು ಮಾಡಿ, ಎಷ್ಟು ನೀರು ಬೇಕೆಂದು ಲೆಕ್ಕ ಹಾಕುತ್ತವೆ. ಒದ್ದೆ ಬಟ್ಟೆ ಹಾಕಿದರೆ ಅದರಲ್ಲಿರುವ ನೀರನ್ನೂ ಬಟ್ಟೆಯೆಂದೇ ಎಣಿಸಿ ಸುಮ್ನೆ ಜಾಸ್ತಿ ನೀರು ತುಂಬುತ್ತವೆ. ನೆನೆಸಿದ ಬಟ್ಟೆಯೇ ಆದರೆ ನೀರಿನ ಮಟ್ಟವನ್ನು ನೀವೇ ಒತ್ತಿ ಆರಿಸಿ.

ಒಂದೊಂದೇ ಬಟ್ಟೆ ಬಿಡಿಸಿ, ಸಡಿಲವಾಗಿ, ಸುತ್ತಲೂ ಸಮನಾಗಿ ಬಿಡಿ. ಜೀನ್ಸ್, ಟವೆಲ್ ಕೆಳಗೆ. ಹಗುರದ್ದು ಮೇಲೆ. ಕೈಯಿಂದ ಒತ್ತಿ ಅದುಮಬೇಡಿ. ಡ್ರಮ್ಮಿನ ಮುಕ್ಕಾಲು ಭಾಗ ತುಂಬಿದರೆ ನಿಲ್ಲಿಸಿ. ಜಿಪ್ ಹಾಕಿ, ಜೇಬು ತಡವಿ, ಸಣ್ಣಪುಟ್ಟವನ್ನು ಬಲೆಚೀಲಕ್ಕೆ ಹಾಕಿ.

ಈಗ ಗಾಜಿನ ಮುಚ್ಚಳದ ಉಪಯೋಗ. ಒಗೆಯಲು ಶುರುವಾದ ಮೇಲೆ ಐದು ನಿಮಿಷ ನಿಂತು ನೋಡಿ. ಮೇಲಿದ್ದ ಬಟ್ಟೆ ಒಳಗೆ ಮುಳುಗಿ, ಕೆಳಗಿದ್ದದ್ದು ಮೇಲೆ ಬರಬೇಕು. ಮೊದಲು ಕಂಡ ಬಟ್ಟೆಯೇ ಇನ್ನೂ ಮೇಲೆ ಕೂತಿದ್ದರೆ ಬಟ್ಟೆ ಜಾಸ್ತಿಯಾಗಿದೆ. ಪಾಸ್ (ಮಷೀನನ್ನು ನಡುವೆ ನಿಲ್ಲಿಸುವ ಬಟನ್) ಒತ್ತಿ, ಎರಡು ಮೂರು ಬಟ್ಟೆ ತೆಗೆಯಿರಿ. ಟಾಪ್ ಲೋಡ್‌ನಲ್ಲಿ ಇದಕ್ಕೆ ನೀರು ಖಾಲಿ ಮಾಡಬೇಕಾಗಿಲ್ಲ. ನಾನು ಟಾಪ್ ಲೋಡ್ ಪಕ್ಷ ಹಿಡಿಯಲು ಇದೂ ಒಂದು ಕಾರಣ.

ತೀರಾ ಕಡಿಮೆಯೂ ಬೇಡ. ಒಂದೇ ಟವೆಲ್ ಹಾಕಿದರೆ ಹಿಂಡುವಾಗ ಅದು ಒಂದು ಬದಿಗೆ ಅಂಟಿಕೊಂಡು ಡ್ರಮ್ ಓಲಾಡುತ್ತದೆ.

ಹಂತ 6: ರಗ್ಗು ಒಗೆಯುವಾಗ

ಲೇಬಲ್ ನೋಡಿ. ಮಷೀನಿಗೆ ಹಾಕಬಹುದು ಎಂದಿದ್ದರೆ ಮುಂದುವರಿಯಿರಿ. ರಗ್ಗನ್ನು ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿ, ಡ್ರಮ್ಮಿನ ಸುತ್ತ ಸಮನಾಗಿ ಇಳಿಸಿ. ಬ್ಲಾಂಕೆಟ್ ಅಥವಾ ಬೆಡ್ಡಿಂಗ್ ಪ್ರೋಗ್ರಾಂ ಆರಿಸಿ. ಇದರಲ್ಲಿ ನೀರು ಜಾಸ್ತಿ, ಹಿಂಡುವ ವೇಗ ಕಡಿಮೆ. ನೀರು ತುಂಬಿದ ಮೇಲೂ ರಗ್ಗು ತೇಲುತ್ತಿದ್ದರೆ ಪಾಸ್ ಒತ್ತಿ ಮುಳುಗಿಸಿ.

ವೇಗ ಕಡಿಮೆ ಯಾಕೆ? ಟಾಪ್ ಲೋಡ್ ಮಷೀನ್ ಹಿಂಡುವಾಗ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಡ್ರಮ್ಮಿನ ನಡುವಿನಿಂದ ಗೋಡೆಗೆ 25 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಒಂದೇ ಬದಿಯಲ್ಲಿ ಉಳಿದ ಒಂದು ಲೀಟರ್ ನೀರು ಸುಮಾರು 137 ಕಿಲೋ ಭಾರದಷ್ಟು ಬಲವಾಗಿ ಡ್ರಮ್ಮನ್ನು ಹೊರಕ್ಕೆ ಎಳೆಯುತ್ತದೆ!

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿ ಅಮೆರಿಕದಲ್ಲಿ ಸುಮಾರು 28 ಲಕ್ಷ ಟಾಪ್ ಲೋಡ್ ಮಷೀನ್‌ಗಳಿಗೆ ರೀಕಾಲ್, ಅಂದರೆ ದೋಷವಿದೆ ಎಂದು ವಾಪಸ್ ಕರೆ, ಘೋಷಿಸಬೇಕಾಯಿತು. ಹಿಂಡುವಾಗ ವಿಪರೀತ ನಡುಗಿ ಮೇಲ್ಭಾಗವೇ ಕಳಚುವ ಅಪಾಯವಿತ್ತು. ಹಾಸಿಗೆ ಬಟ್ಟೆ, ದೊಡ್ಡ ಬಟ್ಟೆ, ವಾಟರ್‌ಪ್ರೂಫ್ ಬಟ್ಟೆಗೆ ಕಡಿಮೆ ವೇಗದ ಪ್ರೋಗ್ರಾಂ ಮಾತ್ರ ಬಳಸಿ ಎಂದು ಆಗ ಬಳಕೆದಾರರಿಗೆ ಹೇಳಲಾಯಿತು.

ಯಾವ ಕಂಪನಿಯದಾದರೂ ಸರಿ, ರೈನ್‌ಕೋಟ್, ವಾಟರ್‌ಪ್ರೂಫ್ ಹಾಸಿಗೆ ಕವರ್‌ಗಳನ್ನು ಮಷೀನಿನಲ್ಲಿ ಹಿಂಡಬೇಡಿ. ಅವುಗಳ ಮಡಿಕೆಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ವೇಗ ಏರಿದ ಮೇಲೆ ಒಮ್ಮೆಲೇ ನುಗ್ಗುತ್ತದೆ. ಕೈಯಲ್ಲಿ ಒಗೆದು ನೇತುಹಾಕಿದರೆ ಬೇಗ ಒಣಗುವ ವಸ್ತು ಅದು, ಮಷೀನಿಗೆ ಯಾಕೆ?

ಹಂತ 7: ಸೋಪು

ಡ್ರಮ್ ದೊಡ್ಡದು ಎಂದು ಸೋಪು ಸುರಿಯಬೇಡಿ. ಬಟ್ಟೆ ಎಷ್ಟಿದೆ, ಕೊಳೆ ಎಷ್ಟಿದೆ, ನೀರು ಗಡುಸೋ ಮೆದುವೋ, ಇವನ್ನು ನೋಡಿ ಹಾಕಿ. ನೊರೆ ಜಾಸ್ತಿಯಾದರೆ ಶುಚಿ ಜಾಸ್ತಿಯಾಗುವುದಿಲ್ಲ. ಬಟ್ಟೆಗೆ ಬಟ್ಟೆ ಉಜ್ಜುವುದು ತಪ್ಪುತ್ತದೆ, ಜಾಲಿಸಲು ಇನ್ನೊಂದು ಸುತ್ತು ನೀರು ಬೇಕಾಗುತ್ತದೆ. ತಣ್ಣೀರಿನಲ್ಲಿ ಒಗೆಯುವಾಗ ಪುಡಿಯನ್ನು ಮೊದಲೇ ಕರಗಿಸಿ ಹಾಕಿ, ಅಥವಾ ಲಿಕ್ವಿಡ್ ಬಳಸಿ. ಬೆವರು, ಊಟದ ಕಲೆ ಬಿಡಿಸಲು ಹೆಚ್ಚಿನ ಸೋಪುಗಳಲ್ಲಿ ಕಿಣ್ವಗಳಿರುತ್ತವೆ. ಅವಕ್ಕೆ 30ರಿಂದ 40 ಡಿಗ್ರಿಯ ಬೆಚ್ಚಗಿನ ನೀರು ಇಷ್ಟ. ಕುದಿಯುವ ನೀರು ಹಾಕಿದರೆ ಅವು ಕೆಲಸಕ್ಕೆ ಬಾರದಂತಾಗುತ್ತವೆ.

ಹಂತ 8: ಒಗೆದ ಮೇಲೆ

ಮುಚ್ಚಳ ಕೆಲವು ಗಂಟೆ ತೆರೆದಿರಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಣ್ಣಿರಲಿ. ನೂಲಿನ ಕಸ ಹಿಡಿಯುವ ಲಿಂಟ್ ಫಿಲ್ಟರನ್ನು ಆಗಾಗ ತೊಳೆಯಿರಿ. ನೀರಿನ ಪೈಪಿನ ಬಾಯಲ್ಲಿರುವ ಜಾಲರಿಯನ್ನೂ ಮರೆಯಬೇಡಿ. ತಿಂಗಳಿಗೊಮ್ಮೆ ಡ್ರಮ್ ತೊಳೆಯುವ ಟಬ್ ಕ್ಲೀನ್ ಪ್ರೋಗ್ರಾಂ ಹಾಕಿ. ಅದಕ್ಕೆ ಬ್ಲೀಚ್ ಬಳಸುವವರು ವಿನಿಗರ್ ಅಥವಾ ಬೇರೆ ಆಮ್ಲದ ಪುಡಿ ಸೇರಿಸಲೇಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಇನ್ನು ಒಣಹಾಕುವ ವಿಷಯ. ಟಾಪ್ ಲೋಡ್‌ನಿಂದ ಹಿಂಡಿ ಬಂದ ಹತ್ತಿ ಬಟ್ಟೆಯಲ್ಲಿ ಅದರ ಒಣ ತೂಕದ ಅರ್ಧಕ್ಕಿಂತ ಜಾಸ್ತಿ ನೀರು ಉಳಿದಿರುತ್ತದೆ. 10 ಕಿಲೋ ಹಾಕಿದ್ದರೆ ಹೊರಗೆ ಬರುವುದು 15 ಕಿಲೋಗಿಂತ ಹೆಚ್ಚು. ಒಂದೇ ಬಕೆಟಿಗೆ ತುಂಬಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಹಗುರದ ಬಟ್ಟೆ ಮೊದಲು ತೆಗೆದು, ರಗ್ಗನ್ನು ಇಬ್ಬರು ಹಿಡಿದು ಎತ್ತಿ. ಮಷೀನ್ ಬರುವ ಮೊದಲೇ ಒಣಹಾಕುವ ಹಗ್ಗ ಎಷ್ಟು ಉದ್ದ ಇದೆ ಎಂದೂ ನೋಡಿಕೊಳ್ಳಿ. ಹಗ್ಗ ಸಾಲದಿದ್ದರೆ ಬೆಡ್‌ಶೀಟ್ ಒಂದು ದಿನ, ಮೈಬಟ್ಟೆ ಇನ್ನೊಂದು ದಿನ ಹಾಕಿ.