ಪಟ್ಟೆ ಎಲೆಯ ಜೇಕು: ಬುಡ ಒಡೆಯುವುದರಲ್ಲೇ ಇದೆ ಕೆಲಸ

ನೋಡಲು ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ. ನಾವು ಕಳೆ ಎಂದು ಕಿತ್ತೆಸೆಯುವ ಜೇಕಿನ ಕುಟುಂಬಕ್ಕೇ ಸೇರಿದ ಕ್ಯಾರೆಕ್ಸ್ ಗಿಡ. ಹೂದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ಮೂರು ಏಣು ಕೈಗೆ ತಗಲುತ್ತವೆ. ಇದನ್ನು ಹುಲ್ಲುಹಾಸಿನಂತೆ ಬುಡಮಟ್ಟ ಕತ್ತರಿಸಿದವರು, ಆಮೇಲೆ ಅದು ಚಿಗುರಲಿಲ್ಲ ಎಂದು ಕೊರಗುತ್ತಾರೆ. ವರ್ಷವಿಡೀ ಎಲೆ ಉಳಿಸಿಕೊಳ್ಳುವ ಈ ಜಾತಿಗಳಿಗೆ ಅಂಥ ಕ್ಷೌರ ಬೇಡವೇ ಬೇಡ.

ಮೊದಲು ತಳಿಯ ಆಯ್ಕೆ. ಜಪಾನ್ ಮೂಲದ 'ಎವರ್‌ಗೋಲ್ಡ್'ಗೆ ಎಲೆಯ ನಡುವೆ ಕೆನೆಹಳದಿ ಪಟ್ಟೆ, ಅಂಚು ಹಸಿರು, 25–30 ಸೆಂ.ಮೀ. ಎತ್ತರದ ಗುಂಪಾಗಿ ಬಾಗಿ ನಿಲ್ಲುತ್ತದೆ. 'ಐಸ್ ಡಾನ್ಸ್'ಗೆ ಅಂಚು ಬಿಳಿ, ನಡುವೆ ಹಸಿರು. ನೆಲದಡಿಯ ಕಾಂಡದಿಂದ ನಿಧಾನವಾಗಿ ಹರಡುತ್ತದೆ. ಕುಂಡಕ್ಕೆ ಮೊದಲನೆಯದು, ಮರದಡಿಯ ಖಾಲಿ ನೆಲಕ್ಕೆ ಎರಡನೆಯದು. ಪಟ್ಟೆ ಎಲೆಯ ಜೇಕಿನ ಬೀಜ ಎಂದು ಪೊಟ್ಟಣ ಮಾರಿದರೆ ಕೊಳ್ಳಬೇಡಿ. ಬೀಜದಿಂದ ಈ ಪಟ್ಟೆ ಬರುವುದಿಲ್ಲ, ಬುಡ ಒಡೆದೇ ಗಿಡ ಮಾಡಬೇಕು.

ಜಾಗ: ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು. ನಡುಹಗಲ ಬಿಸಿಲಲ್ಲಿ ಹಳದಿ ಬೆಳ್ಳಗಾಗಿ ಸುಟ್ಟ ಕಲೆ ಬೀಳುತ್ತದೆ. ಕತ್ತಲೆ ಮೂಲೆಯಲ್ಲಿ ಪಟ್ಟೆ ಮಂಕಾಗುತ್ತದೆ.

ಮಣ್ಣು: ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಮಾಗಿದ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು. ಬರೀ ತೆಂಗಿನ ನಾರಿನ ಪುಡಿ ತುಂಬಿದ ಸಿದ್ಧ ಮಿಶ್ರಣ ಬೇಡ. ಅದು ಒಮ್ಮೆ ಪೂರ್ತಿ ಒಣಗಿದರೆ ಮೇಲಿಂದ ಹಾಕಿದ ನೀರು ಕುಂಡದ ಅಂಚಿನಲ್ಲಿ ಹರಿದುಹೋಗಿ ಬೇರಿನ ಉಂಡೆ ಒಣಗಿಯೇ ಉಳಿಯುತ್ತದೆ. ತಂದ ಗಿಡ ಅಂಥದ್ದರಲ್ಲೇ ಇದ್ದರೆ ನೆಡುವ ಮುನ್ನ ಬಕೆಟ್ ನೀರಲ್ಲಿ ಗುಳ್ಳೆ ನಿಲ್ಲುವವರೆಗೂ ಮುಳುಗಿಸಿಡಿ.

ಇನ್ನು ಬುಡ ಒಡೆಯುವುದು. ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಮೂರು ವರ್ಷದ ಗುಂಪು, ಹೊಸ ಎಲೆ ಹೊರಡಲು ಶುರುವಾದ ತಂಪು ದಿನ, ಇವೆರಡೂ ಕೂಡಿಬರಬೇಕು. ಕಡುಬೇಸಿಗೆಯಲ್ಲಿ ಕೈ ಹಾಕಬೇಡಿ. ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿ. ಮರುದಿನ ಎಲೆಗಳನ್ನೆಲ್ಲ ಮೇಲಕ್ಕೆ ಒಟ್ಟುಮಾಡಿ ದಾರದಿಂದ ಜುಟ್ಟಿನಂತೆ ಕಟ್ಟಿ. ಚಾಕುವಿಗೆ ಎಲೆ ಅಡ್ಡ ಬರಬಾರದು. ಗಿಡ ಎತ್ತಿ, ಬೇರಿನ ಮಣ್ಣನ್ನು ನೀರಲ್ಲಿ ಜಾಲಾಡಿ. ಆಗ ತೆಂಡೆಗಳು, ಅಂದರೆ ಬುಡದಿಂದ ಒಡೆದ ಮರಿಚಿಗುರುಗಳು, ಎಲ್ಲಿ ಒಂದರಿಂದೊಂದು ಬೇರೆಯಾಗಿವೆ ಎಂಬುದು ಕಣ್ಣಿಗೆ ಬೀಳುತ್ತದೆ.

ಕೈಯಿಂದ ಎಳೆದು ಸೀಳಬೇಡಿ. ತೆಂಡೆ ಕೈಗೆ ಬರುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಇದಕ್ಕೆ ಹೇಳಿ ಮಾಡಿಸಿದ್ದು. ಗುಂಪನ್ನು ಮಗ್ಗುಲಿಗೆ ಮಲಗಿಸಿ ತೆಂಡೆಗಳ ಸಂದಿಯಲ್ಲೇ ಗರಗಸದಂತೆ ಆಡಿಸಿ. ಪ್ರತಿ ತುಂಡಿನಲ್ಲೂ ಕನಿಷ್ಠ ಐದಾರು ತೆಂಡೆ, ಮುಷ್ಟಿಯಷ್ಟು ಬೇರು ಇರಲಿ. ಹತ್ತು ಗಿಡದ ಆಸೆಗೆ ಒಂಟಿ ತೆಂಡೆ ಬಿಡಿಸಿದರೆ ಅವು ತಿಂಗಳುಗಟ್ಟಲೆ ಸೊರಗಿ ಕೂರುತ್ತವೆ, ಅರ್ಧ ಸಾಯುತ್ತವೆ. ನಡುವಿನ ಒಣಗಿದ ಬುಡ ಕಾಂಪೋಸ್ಟ್ ಗುಂಡಿಗೆ ಹೋಗಲಿ. ನೆಡುವವರೆಗೆ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿ. ಹಸಿರೆಲೆಗೆ ಕತ್ತರಿ ಹಿಡಿಯಲು ನನ್ನ ಒಪ್ಪಿಗೆ ಇರುವುದು ಈಗ ಮಾತ್ರ: ಬೇರು ಕಡಿಮೆಯಾದ್ದರಿಂದ ಎಲೆಯ ತುದಿಯ ಮೂರನೇ ಒಂದು ಭಾಗ ತೆಗೆಯಿರಿ.

ಆಳ ತಪ್ಪಿದರೆ ಇಷ್ಟೂ ಶ್ರಮ ವ್ಯರ್ಥ. ಎಲೆಯ ಬುಡ ನೋಡಿ: ಮಣ್ಣೊಳಗಿದ್ದ ಭಾಗ ಬಿಳಿಚಿಕೊಂಡಿರುತ್ತದೆ, ಮೇಲಿದ್ದದ್ದು ಹಸಿರು. ಆ ಗೆರೆ ಮಣ್ಣಿನ ಮಟ್ಟಕ್ಕಿಂತ ಒಂದು ಸೆಂ.ಮೀ. ಮೇಲಿರುವಂತೆ ನೆಡಿ, ನೀರು ಬಿದ್ದ ಮೇಲೆ ಗಿಡ ಕುಸಿದು ಸರಿಯಾಗಿ ಕೂರುತ್ತದೆ. ಸುಳಿ ಮಣ್ಣಲ್ಲಿ ಹುದುಗಿದರೆ ಕೊಳೆಯುವುದು ಖಂಡಿತ. ಅಂದಕ್ಕೆಂದು ಬಣ್ಣದ ಕಲ್ಲನ್ನು ಬುಡಕ್ಕೆ ಒತ್ತಿ ಹಾಕಿದರೂ ಅದೇ ಗತಿ. ನೆಲದಲ್ಲಿ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ ಸಾಕು. ಎರಡು ಮೂರು ವಾರ ಪೂರ್ತಿ ನೆರಳು, ಒಂದು ತಿಂಗಳು ಗೊಬ್ಬರ ಬೇಡ.

ನೀರಿಗೆ ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ಬೆರಳು ಚುಚ್ಚಿ ನೋಡಿ. ಮೇಲಿನ ಎರಡು ಸೆಂ.ಮೀ. ಒಣಗಿದ್ದರೆ ಹಾಕಿ. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಬೆಳೆಯುವ ಕಾಲ ಶುರುವಾದಾಗ ಒಂದು ಹಿಡಿ ಕಾಂಪೋಸ್ಟ್ ವರ್ಷಕ್ಕೆ ಸಾಕು. ಯೂರಿಯಾ ಹಾಕಿದರೆ ಎಲೆ ಜೋಲುಬೀಳುತ್ತದೆ. ಎಲೆಗೆ ಹೊಳಪು ಕೊಡುವ ಸ್ಪ್ರೇ ದಂಡದ ಖರ್ಚು.

ಒಣ ಎಲೆ ತೆಗೆಯಲು ರಬ್ಬರ್ ಗ್ಲೌಸ್ ಹಾಕಿ, ಏಕೆಂದರೆ ಎಲೆಯಂಚು ಚರ್ಮ ಸೀಳುತ್ತದೆ. ಬುಡದಿಂದ ತುದಿಗೆ ಬೆರಳುಗಳಿಂದ ತಲೆ ಬಾಚಿದಂತೆ ಬಾಚಿ. ಸತ್ತದ್ದು ಕೈಗೆ ಬರುತ್ತದೆ, ಹಸಿರು ಉಳಿಯುತ್ತದೆ. ತುದಿ ಕಂದಾಗಿದ್ದರೆ ಓರೆಯಾಗಿ ಕತ್ತರಿಸಿ, ಆದರೆ ಕೂದಲೆಳೆಯಷ್ಟು ಕಂದನ್ನು ಬಿಡಿ. ಹಸಿರಿಗೇ ಕತ್ತರಿ ಇಟ್ಟರೆ ಅಲ್ಲಿಂದ ಮತ್ತೆ ಒಣಗುತ್ತದೆ. ಮತ್ತೆ ಮತ್ತೆ ತುದಿ ಕಂದಾದರೆ ಒಣಗಾಳಿ ಅಥವಾ ಉಪ್ಪು ನೀರಿನ ಕೆಲಸವಿರಬೇಕು. ಮಳೆನೀರು ಹಾಕಿ ನೋಡಿ.

ಗುಂಪಿನ ನಡುವೆ ಪಟ್ಟೆಯೇ ಇಲ್ಲದ ಅಚ್ಚಹಸಿರು ತೆಂಡೆ ಕಂಡರೆ ಅಂದೇ ತೆಗೆಯಿರಿ. ಪತ್ರಹರಿತ್ತು ಹೆಚ್ಚಿರುವುದರಿಂದ ಅದು ಪಟ್ಟೆಯವಕ್ಕಿಂತ ಬೇಗ ಬೆಳೆದು ಕ್ರಮೇಣ ಇಡೀ ಗುಂಪನ್ನು ನುಂಗುತ್ತದೆ. ಎಲೆ ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಸಣ್ಣ ಚಾಕುವಿನಿಂದ ಬೇರು ಸಮೇತ ಎತ್ತಬೇಕು.