ಪಂಪ್ ಬದಲಿಸದೆ ಸರ್ಜ್ ಅಡಗಿಸಿದ್ದು: ಹಳೆಯ ಫೇಕೋ ಯಂತ್ರದೊಂದಿಗೆ ಎಂಟು ತಿಂಗಳು

ಮೂವರು ಸರ್ವಿಸ್ ಎಂಜಿನಿಯರುಗಳು "ಪಂಪಿನ ಕಥೆ ಮುಗಿದಿದೆ, ಯಂತ್ರವನ್ನೇ ಬದಲಿಸಿ" ಎಂದು ಬರೆದುಕೊಟ್ಟು ಹೋಗಿದ್ದ ಫೇಕೋ ಯಂತ್ರ ಅದು. ಕಣ್ಣಿನ ಪೊರೆಯನ್ನು ಅಲ್ಟ್ರಾಸೌಂಡ್ ಕಂಪನದಿಂದ ಒಡೆದು ಹೀರಿ ತೆಗೆಯುವಂಥದ್ದು; ಹೀರುವುದು ಪೆರಿಸ್ಟಾಲ್ಟಿಕ್ ಪಂಪ್, ಅಂದರೆ ಟ್ಯೂಬನ್ನು ರೋಲರುಗಳಿಂದ ಒತ್ತುತ್ತಾ ಹೋಗುವ ಪಂಪ್. ಹುಬ್ಬಳ್ಳಿಯಿಂದ ಒಂದೂವರೆ ಗಂಟೆ ದೂರದ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ಈಗಲೂ ವಾರಕ್ಕೆ ಹದಿನೈದಿಪ್ಪತ್ತು ಪೊರೆಗಳನ್ನು ಅದರಲ್ಲೇ ತೆಗೆಯುತ್ತಾರೆ. ರೋಲರ್ ಬೇರಿಂಗಿಗೆ ಗ್ರೀಸ್ ಹಚ್ಚಿದ್ದು ಬಿಟ್ಟರೆ ಪಂಪನ್ನು ನಾನು ಮುಟ್ಟಿಲ್ಲ.

ದೂರು ನಿಮಗೆಲ್ಲ ಗೊತ್ತಿರುವಂಥದ್ದೇ. ನ್ಯೂಕ್ಲಿಯಸ್ (ಪೊರೆಯ ಗಟ್ಟಿ ತಿರುಳು) ಚೂರು ಯಂತ್ರದ ಸೂಜಿಯ ತುದಿಗೆ ಕಚ್ಚಿಕೊಂಡು ವ್ಯಾಕ್ಯೂಮ್ ಏರುವವರೆಗೆ ಎಲ್ಲ ಸರಿ. ಚೂರು ಒಡೆದು ಒಳಗೆ ಹೋದ ಕ್ಷಣವೇ ಚೇಂಬರ್ (ಕಣ್ಣಿನ ಮುಂಭಾಗದ ನೀರು ತುಂಬಿದ ಜಾಗ) ಕುಸಿದು ಹಿಂದಿನ ಕ್ಯಾಪ್ಸೂಲ್ (ಲೆನ್ಸಿನ ತೆಳು ಚೀಲದ ಹಿಂಬದಿ) ತುದಿಯತ್ತ ಎದ್ದು ಬರುತ್ತಿತ್ತು. ಇದೇ ಸರ್ಜ್. ಡಾಕ್ಟರ್ ಸಾಹೇಬರು ವ್ಯಾಕ್ಯೂಮನ್ನು 300 (ಮಿಲಿಮೀಟರ್ ಪಾದರಸ) ಇಡಬೇಕಾದಲ್ಲಿ 120 ಇಟ್ಟುಕೊಂಡು, ಗಟ್ಟಿ ಪೊರೆ ಬಂದರೆ ಫೇಕೋ ಬಿಟ್ಟು ಎಸ್‌ಐಸಿಎಸ್‌ಗೆ, ಅಂದರೆ ಯಂತ್ರವಿಲ್ಲದೆ ಕೈಯಿಂದಲೇ ಪೊರೆ ತೆಗೆಯುವ ವಿಧಾನಕ್ಕೆ, ಇಳಿಯುತ್ತಿದ್ದರು. "ನನ್ನ ಕೈಗೆ ವಯಸ್ಸಾಯಿತೋ ಯಂತ್ರಕ್ಕೋ, ತಿಳಿಯುತ್ತಿಲ್ಲ ನೋಡಪ್ಪಾ" ಎಂದರು. ವೆಂಚುರಿ (ಗಾಳಿಯ ರಭಸದಿಂದ ಹೀರುವ ಪಂಪ್) ಇರುವ ಹೊಸ ಯಂತ್ರಕ್ಕೆ ಬಂದಿದ್ದ ಕೊಟೇಶನ್ ಹದಿನೆಂಟು ಲಕ್ಷದ ಮೇಲಿತ್ತು. ಹಳೆಯದಕ್ಕೆ ಒಂದು ಲಕ್ಷ ಕಳೆಯುತ್ತೇವೆ ಎಂದಿದ್ದರಂತೆ. ಸಾಹೇಬರು ಆ ಹಳೆಯದನ್ನು ಸೆಕೆಂಡ್ ಹ್ಯಾಂಡಿನಲ್ಲೇ ನಾಲ್ಕೂವರೆ ಲಕ್ಷ ಕೊಟ್ಟು ತಂದಿದ್ದರು.

ಕಣ್ಣಳತೆಯಲ್ಲಿ ಸರ್ಜ್ ನೋಡಿದರೆ ವಾದವೇ ಮುಗಿಯುವುದಿಲ್ಲ, ಅಳೆಯಬೇಕು. ಓಟಿಯಲ್ಲಿ ಅರಿವಳಿಕೆಯವರ ಮಾನಿಟರ್ ಇತ್ತು. ಅದರ ಐಬಿಪಿ (ರಕ್ತನಾಳದೊಳಗಿನ ಒತ್ತಡ ಅಳೆಯುವ) ಚಾನೆಲ್ಲಿಗೆ ಆರೇಳು ನೂರು ರೂಪಾಯಿಯ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಹಾಕಿ, ಟೆಸ್ಟ್ ಚೇಂಬರಿಗೆ (ಪರೀಕ್ಷೆಗೆಂದು ತುದಿಗೆ ತೊಡಿಸುವ ರಬ್ಬರ್ ಟೋಪಿ) ಸೂಜಿಯಿಂದ ಜೋಡಿಸಿದೆ. ಬಾಟಲಿ 90 ಸೆಂಟಿಮೀಟರ್ ಎತ್ತರದಲ್ಲಿದ್ದಾಗ ಪರದೆಯ ಮೇಲೆ 65ರ ಆಸುಪಾಸು ಬಂತು. ಲೆಕ್ಕಕ್ಕೆ ಸರಿಯಾಗಿ ಹೊಂದಿತು, ಖುಷಿಯಾಯಿತು. ಆಸ್ಪಿರೇಶನ್ (ಕಣ್ಣಿನಿಂದ ಹೀರುವ) ಟ್ಯೂಬನ್ನು ಮಡಚಿ ಹಿಡಿದು, 300 ಮುಟ್ಟಿದ ಮೇಲೆ ಬಿಟ್ಟೆ. ಗೆರೆ ನೇರ ಸೊನ್ನೆಯ ಕೆಳಗೆ ಧುಮುಕಿತು. ಇಪ್ಪತ್ತು ಸಲ ಮಾಡಿದರೂ ಅದೇ. ಆದರೆ ಮೊದಲ ಎರಡು ಮೂರು ಸಲದ ಕುಸಿತ ಮಾತ್ರ ಯಾವಾಗಲೂ ಕಡಿಮೆ. ಆಮೇಲೆ ಆಮೇಲೆ ಹೆಚ್ಚುತ್ತಿತ್ತು. ಪಂಪಿನದೇ ದೋಷವಾಗಿದ್ದರೆ ಮೊದಲ ಸಲವೂ ಹಾಗೇ ಆಗಬೇಕಿತ್ತಲ್ಲ?

ಟಾರ್ಚ್ ಹಿಡಿದು ಟ್ಯೂಬ್ ನೋಡಿದಾಗ ಕಳ್ಳ ಸಿಕ್ಕಿದ. ಪೆಡಲ್ ಬಿಟ್ಟಾಗಲೆಲ್ಲ ವ್ಯಾಕ್ಯೂಮ್ ಇಳಿಸಲು ವೆಂಟ್ ವಾಲ್ವ್ ಹೊರಗಿನ ಗಾಳಿಯನ್ನು ಲೈನಿಗೆ ಬಿಡುತ್ತಿತ್ತು. ಅಕ್ಕಿಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಕೂತಿದ್ದವು. ಎಲ್ಲ ಸೇರಿ 0.1 ಮಿಲಿಲೀಟರ್ ಗಾಳಿ ಎಂದುಕೊಳ್ಳಿ. 300ರ ವ್ಯಾಕ್ಯೂಮಿನಲ್ಲಿ ಅದು ಒಂದೂವರೆ ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ತುದಿ ತೆರೆದ ಕೂಡಲೇ ಮತ್ತೆ ಕುಗ್ಗಿ, ಅಷ್ಟು ನೀರನ್ನು ಕಣ್ಣಿನಿಂದಲೇ ಎಳೆದುಕೊಳ್ಳುತ್ತದೆ. ಮುಂದಿನ ಚೇಂಬರಿನಲ್ಲಿ ಇರುವುದೇ ಕಾಲು ಮಿಲಿಲೀಟರ್! ಸಾಲದ್ದಕ್ಕೆ, ಇಪ್ಪತ್ತೈದು ಸಲ ಸ್ಟೆರಿಲೈಸ್ ಆಗಿ ಮೆತ್ತಗಾದ ಟ್ಯೂಬ್; ಅದೂ ವ್ಯಾಕ್ಯೂಮಿನಲ್ಲಿ ಕುಗ್ಗಿ, ಆಮೇಲೆ ಉಬ್ಬುವಾಗ ನೀರೆಳೆಯುತ್ತದೆ.

ಹೊಸ ಯಂತ್ರಗಳಲ್ಲಿ ವೆಂಟ್ ಗಾಳಿಯ ಬದಲು ದ್ರವವನ್ನೇ ಬಿಡುತ್ತದೆ. ಇದಕ್ಕೂ ಹಾಗೇ ಮಾಡುತ್ತೇನೆ ಎಂದಾಗ ಕಂಪನಿಯವನು ನಕ್ಕ. ಓಟಿ ಸಿಸ್ಟರ್ ನಗಲಿಲ್ಲ; "ಆ ಲೈನನ್ನು ಸ್ಟೆರೈಲ್ ಆಗಿ ಇಡುವವರು ಯಾರು?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ವೆಂಟ್ ಟ್ಯೂಬ್ ಕೂಡ ಇಟಿಓ (ಎಥಿಲೀನ್ ಆಕ್ಸೈಡ್ ಅನಿಲದಿಂದ ಸ್ಟೆರಿಲೈಸ್ ಮಾಡುವ) ಸೆಟ್ಟಿನಲ್ಲೇ ಹೋಗುವಂತೆ ಮಾಡುವುದಕ್ಕೇ ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾವಿರದ ಇನ್ನೂರಕ್ಕೆ ತಂದ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ನಾಲ್ಕನೇ ದಿನ ಕಚ್ಚಿಕೊಂಡಿತು. ಬಿಚ್ಚಿದರೆ ಒಳಗೆಲ್ಲ ಉಪ್ಪಿನ ಪುಡಿ. ಬಾಟಲಿಯಲ್ಲಿರುವ ರಿಂಗರ್ ಲ್ಯಾಕ್ಟೇಟ್ ದ್ರಾವಣ ಒಣಗಿದರೆ ಉಪ್ಪೇ ತಾನೇ, ಮೊದಲೇ ಹೊಳೆಯಬೇಕಿತ್ತು. ಇನ್ನೊಂದು ತಂದೆ, ಅದೂ ಹೋಯಿತು. ಕೊನೆಗೆ ಆರು ಸಾವಿರ ಕೊಟ್ಟು ಪಿಂಚ್ ವಾಲ್ವ್ ತರಿಸಿದೆ. ಅದು ಟ್ಯೂಬನ್ನು ಹೊರಗಿನಿಂದ ಹಿಸುಕುತ್ತದೆ, ನೀರು ಲೋಹವನ್ನು ಮುಟ್ಟುವುದೇ ಇಲ್ಲ.

ವೆಂಟಿನ ನೀರನ್ನು ಮೊದಲು ಇರಿಗೇಶನ್ (ಕಣ್ಣಿಗೆ ನೀರು ಕೊಡುವ) ಲೈನಿನಿಂದಲೇ ಕವಲು ತೆಗೆದೆ. ವೆಂಟ್ ತೆರೆದಾಗ ಕಣ್ಣಿಗೆ ಹೋಗುವ ಒತ್ತಡವೇ ಕುಸಿಯಿತು. ಬೇರೆ ಚಿಕ್ಕ ಬಾಟಲಿ ಇಟ್ಟೆ. ಅದು ಎತ್ತರವಾದರೆ ನೀರು ಹಿಮ್ಮುಖವಾಗಿ ನುಗ್ಗಿ ಹಿಡಿದ ಚೂರನ್ನು ತುದಿಯಿಂದ ತಳ್ಳಿಬಿಡುತ್ತದೆ, ತಗ್ಗಾದರೆ ಚೂರು ಬೇಗ ಬಿಡುವುದೇ ಇಲ್ಲ. ಸರಿಯಾದ ಎತ್ತರ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾರ ಸ್ಟೂಲಿನ ಮೇಲೆ ಹತ್ತಿ ಇಳಿದು ಕಂಡುಕೊಂಡದ್ದು, ನೀವೂ ಸ್ವಲ್ಪ ಹತ್ತಿ ಇಳಿಯಿರಿ.

ನಡುವೆ ಅಕ್ವೇರಿಯಂ ಪಂಪಿನ ಹುಚ್ಚೂ ಹಿಡಿದಿತ್ತು. ಬಾಟಲಿಗೆ ಗಾಳಿ ಒತ್ತಿ ನೀರನ್ನು ಜೋರಾಗಿ ಕಳಿಸುವ ಉಪಾಯವನ್ನು ಕಣ್ಣಿನ ವೈದ್ಯೆ ಡಾ. ಸುನೀತಾ ಅಗರ್ವಾಲ್ 1999ರ ಸುಮಾರಿಗೇ ಮಾಡಿ ತೋರಿಸಿದ್ದಾರೆ. ನಾನು ಮುನ್ನೂರೈವತ್ತು ರೂಪಾಯಿಯ ಪಂಪಿಗೆ ಫಿಲ್ಟರ್ ಕಟ್ಟಿ, ಕಸಾಯಿ ಅಂಗಡಿಯಿಂದ ತಂದ ಮೇಕೆ ಕಣ್ಣಿನ ಮೇಲೆ ನೋಡಿದೆ. ಚೇಂಬರ್ ಗಟ್ಟಿಯಾಗಿ ನಿಂತಿತು, ನಿಜ. ಆದರೆ ನನ್ನ ಜೋಡಣೆಯಲ್ಲಿ ಒತ್ತಡ ಹತೋಟಿಗೆ ಸಿಗದೆ ಐರಿಸ್ ಗಾಯದ ಬಾಯಿಗೇ ಬಂದು ಕೂತಿತು. ಅದನ್ನು ಅಲ್ಲಿಗೇ ಕೈಬಿಟ್ಟೆ, ಪಂಪ್ ಈಗ ಮಗಳ ಮೀನಿನ ತೊಟ್ಟಿಯಲ್ಲಿದೆ. ಮೇಕೆ ಲೆನ್ಸ್ ಮೆತ್ತಗಿರುತ್ತದೆ, ತುದಿಯನ್ನು ಮುಚ್ಚುವುದಿಲ್ಲ. ಮೈಕ್ರೋವೇವಿನಲ್ಲಿ ಕೆಲವೇ ಸೆಕೆಂಡು ಇಟ್ಟರೆ ಗಟ್ಟಿಯಾಗುತ್ತದೆ. ಮನೆಯ ಓವನ್ ಆ ಪ್ರಯೋಗದ ಮೇಲೆ ಕಾರ್ಯಾಗಾರಕ್ಕೆ ವರ್ಗವಾಯಿತು.

ಗಾಳಿ ತೆಗೆದಿದ್ದರಿಂದ ಅರ್ಧ ಕೆಲಸ ಆಯಿತು. ಉಳಿದರ್ಧವನ್ನು ಟ್ಯೂಬಿನಲ್ಲಿ ಹಿಡಿದೆ. ಒಂದೂವರೆ ಮಿಲಿಮೀಟರ್ ಒಳವ್ಯಾಸದ ಟ್ಯೂಬಿನ ನಡುವೆ ಒಂದು ಮಿಲಿಮೀಟರಿನ ದಪ್ಪ ಗೋಡೆಯ ತುಂಡನ್ನು ಸುರುಳಿ ಮಾಡಿ ಸೇರಿಸಿದೆ. ಅಷ್ಟು ಉದ್ದದಲ್ಲಿ ಅಡ್ಡಿ ಐದು ಪಟ್ಟು ಆಗುತ್ತದೆ, ಹಾಗಾಗಿ ನುಗ್ಗಾಟ ನಿಲ್ಲುತ್ತದೆ. ಮೊದಲ ಸುರುಳಿ ಮೇಕೆ ಲೆನ್ಸಿನ ಚೂರಿನಿಂದಲೇ ಕಟ್ಟಿಕೊಂಡಿತು. ಮುಂದೊಂದು ಜಾಲರಿ ಫಿಲ್ಟರ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಸುರುಳಿಯ ಉದ್ದ ನನ್ನ ಹತ್ತಿರವೇ ಇರಲಿ.

ಮಾನಿಟರಿನ ಗೆರೆ ಈಗ 280ರ ವ್ಯಾಕ್ಯೂಮಿನಲ್ಲೂ 30ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಆ ಮುದ್ರಿತ ಹಾಳೆಗಳನ್ನು ನೋಡಿದ ಮೇಲೆಯೇ ಸಾಹೇಬರು ರೋಗಿಯ ಮೇಲೆ ಬಳಸಲು ಒಪ್ಪಿದ್ದು, ಅದೂ 150ರಿಂದ ಶುರು ಮಾಡಿ ತಿಂಗಳಿಗಿಷ್ಟು ಏರಿಸುತ್ತಾ. ಹಾಳಾದ ವಾಲ್ವುಗಳೂ ಸೇರಿ ಸಾಮಾನಿಗೆ ಹನ್ನೆರಡು ಹದಿಮೂರು ಸಾವಿರ ಹೋಗಿರಬೇಕು. ನನ್ನ ಕೂಲಿ ಎಂದು ಹದಿನೈದು ಕೇಳಿದೆ, ಇಪ್ಪತ್ತು ಕೊಟ್ಟರು.

ತೊಂದರೆ ಪೂರ್ತಿ ನೀಗಿಲ್ಲ. ಹತ್ತು ಹನ್ನೆರಡು ಸಲ ಸ್ಟೆರಿಲೈಸ್ ಆದ ಮೇಲೆ ಸುರುಳಿ ಬಿಳಚಿಕೊಂಡು ಮೆತ್ತಗಾಗುತ್ತದೆ, ಗೆರೆ ಮತ್ತೆ ಇಳಿಯಲು ಶುರುವಾಗುತ್ತದೆ. ಸದ್ಯಕ್ಕೆ ಸಿಸ್ಟರ್ ಪ್ರತಿ ಸೆಟ್ಟಿನ ಮೇಲೂ ಪೆನ್ನಿನಿಂದ ಗೀಟು ಹಾಕುತ್ತಾರೆ. ಎಂಟು ಗೀಟಾದರೆ ಕಸದ ಬುಟ್ಟಿಗೆ.